ಮೈನರ್ ಯಾವುದು ತಗೊಳ್ಲಿ ಕಾಕಾ?

ಮೊನ್ನೆ ದೇವಾಪುರಕ್ಕೆ ಹೋಗಿದ್ದೆ. ಚಹಾ ಕುಡಿಯೋ ಹೊತ್ತಿಗೆ ಅಣ್ಣನ ಮಗ ಬಂದು ಪಕ್ಕದಲ್ಲಿ ಕೂತ. ಸಿವಿಲ್ ಇಂಜಿನಿಯರಿಂಗ್, ಎರಡನೇ ವರ್ಷ.

"ಕಾಕಾ, ಮೈನರ್ ಯಾವುದು ಅಂತ ಈ ವಾರ ಹೇಳಬೇಕು. ಎಲ್ಲಾರೂ ಎಐ ತಗೊಳ್ಳಾಕತ್ತಾರ. ನಾ ಏನ್ ತಗೊಳ್ಲಿ?"

ನಾವು ಓದುವಾಗ ಈ ತಲೆನೋವು ಇರಲಿಲ್ಲ :-) ಎಐಸಿಟಿಇ 2018ರಲ್ಲಿ ಮಾದರಿ ಪಠ್ಯಕ್ರಮ ತಂದಾಗ ಪದವಿಗೆ 160 ಕ್ರೆಡಿಟ್ ಅಂತ ಇಟ್ಟಿತು. ಅದರ ಮೇಲೆ ಇನ್ನೊಂದು 20ರಷ್ಟು ಕ್ರೆಡಿಟ್ ಓದಿದರೆ ಆನರ್ಸ್ ಅಥವಾ ಮೈನರ್. ಅಂದರೆ ಐದಾರು ವಿಷಯ ಹೆಚ್ಚಿಗೆ. ಸಣ್ಣ ಹೊರೆಯೇನಲ್ಲ. ಬ್ಯಾಕ್ ಉಳಿಸಿಕೊಂಡವರು ಇದರ ತಂಟೆಗೇ ಹೋಗಬಾರದು ಅನ್ನೋದು ನನ್ನ ಮೊದಲ ಮಾತು.

ಹೋಗುವುದಾದರೆ, ಎಲ್ಲರೂ ತಗೊಂಡರು ಅಂತ ತಗೊಳ್ಳೋದು ಬೇಡ. ಎಐ ಕೆಟ್ಟದ್ದು ಅಂತಲ್ಲ. ಅದನ್ನು ಕಲಿತು ಏನು ಮಾಡ್ತೀಯ ಅಂದರೆ ಹುಡುಗರ ಹತ್ತಿರ ಉತ್ತರ ಇಲ್ಲ, ಅಷ್ಟೇ.

ನಮ್ಮ ಕಡೆಯದ್ದೇ ಒಂದು ಉದಾಹರಣೆ ನೋಡಿ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ಖರ್ಚು, 10,000 ಕ್ಯೂಸೆಕ್ ಸಾಮರ್ಥ್ಯ, 4.5 ಲಕ್ಷ ಹೆಕ್ಟೇರ್ ಜಮೀನು. ಗೇಟು ನಡೆಸುವುದಕ್ಕೆ ಸ್ಕಾಡಾ ವ್ಯವಸ್ಥೆ. ನೀರಿನ ಮಟ್ಟ ಅಳೆಯೋದು ಸೆನ್ಸರು, ಗೇಟು ಎತ್ತೋದು ಮೋಟಾರು, ಆಜ್ಞೆ ಕೊಡೋದು ಕಂಟ್ರೋಲ್ ರೂಮು. ಸಿವಿಲ್ ಓದಿದವನಿಗೆ ಕಾಲುವೆಯ ಇಳಿಜಾರು, ಕಾಂಕ್ರೀಟು ಗೊತ್ತು. ಆ ಸೆನ್ಸರು ತಪ್ಪು ಹೇಳ್ತಾ ಇದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಅದೂ ಗೊತ್ತಾಯಿತು ಅನ್ನಿ. ಮೇಲಿನವರು ಭತ್ತ ಹಚ್ಚಿದರೆ ಕೊನೆಯ ಹೊಲಕ್ಕೆ ನೀರು ಯಾಕೆ ಮುಟ್ಟಲ್ಲ? ಇದು ಅರ್ಥಶಾಸ್ತ್ರ, ಕಾನೂನು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕ ರೈತ ನನ್ನ ಕೈಲಿದ್ದ ನಕ್ಷೆ ನೋಡಿ, "ಇದರಾಗ ನೀರು ಬಂದಾವಲ್ರೀ, ಹೊಲಕ್ಕ ಯಾವಾಗ ಬರ್ತಾವ?" ಅಂದಿದ್ದ. ನನ್ನ ಲೆಕ್ಕ ಸರಿ ಇತ್ತು. ಉತ್ತರ ಇರಲಿಲ್ಲ. ಇವತ್ತಿಗೂ ಅದು ಚುಚ್ಚುತ್ತೆ.

1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 15ನೇ ವಯಸ್ಸಿಗೇ ಓದು ಬಿಟ್ಟು ಇಂಡಿಯಾಕ್ಕೆ ಬಂದವನು. ಸರ್ವೇ, ಇಂಜಿನಿಯರಿಂಗ್, ಕಾನೂನು, ಭೂವಿಜ್ಞಾನ ಎಲ್ಲ ತಾನೇ ಓದಿ ಕಲಿತ. ಮಾಡುವ ಕೆಲಸಕ್ಕೆ ಬೇಕಾಯಿತು, ಕಲಿತ. ಸರ್ಟಿಫಿಕೇಟು ಕೊಡುವವರು ಯಾರೂ ಇರಲಿಲ್ಲ.

ಹುಡುಗನಿಗೆ ಇಷ್ಟೇ ಹೇಳಿದೆ: "ನಿನ್ನ ಸಿವಿಲ್‌ನಾಗ ಉತ್ತರ ಸಿಗದ ಒಂದು ಪ್ರಶ್ನೆ ಹಾಳಿ ಮ್ಯಾಲ ಬರಿ. ಅದಕ್ಕ ಯಾವ ವಿಷಯ ಓದಬೇಕೋ ಅದೇ ನಿನ್ನ ಮೈನರ್. ಎಐ ಬಂದ್ರ ಎಐನೇ ತಗೋ."

ನಿನ್ನೆ ಫೋನ್ ಮಾಡಿದ್ದ. ಯಾವ ಮೈನರ್ ಅಂತ ಇನ್ನೂ ತಿಳಿದಿಲ್ಲವಂತೆ. ಆದರೆ ಪ್ರಶ್ನೆ ಬರೆದಿದ್ದಾನೆ: "ಕಾಲುವಿ ತುಂಬಿ ಹರಿದ್ರೂ ಶಹಾಪುರ ಕಡೆ ಮಾವನ ಹೊಲಕ್ಕ ನೀರು ತಡಾ ಯಾಕ?"

ಅರ್ಧ ಕೆಲಸ ಆಯಿತು ಅಂತ ನನಗನ್ನಿಸಿತು. ನೀವೇನಂತೀರಿ?