ಕ್ಷಿಪಣಿ ಹಾರಿದ ಮೇಲೆ ತೈಲ ಕೊಳ್ಳುವವರು

2025ರ ಜೂನ್ 22ರ ಭಾನುವಾರ ನಸುಕಿನಲ್ಲಿ ಅಮೆರಿಕದ ಬಾಂಬರ್‌ಗಳು ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ದಾಳಿ ಮಾಡಿದವು. ಸೋಮವಾರ ಮಾರುಕಟ್ಟೆ ತೆರೆಯುತ್ತಲೇ ಬ್ರೆಂಟ್ ಕಚ್ಚಾ ತೈಲ ಬ್ಯಾರೆಲ್‌ಗೆ 81 ಡಾಲರ್ ದಾಟಿತು. ಅದೇ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತರ ಸುಮಾರಿಗೆ, ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆಯತ್ತ ಕ್ಷಿಪಣಿಗಳನ್ನು ಹಾರಿಸಿತು. ಯುದ್ಧ ಇನ್ನೊಂದು ದೇಶಕ್ಕೆ ಹಬ್ಬಿತು ಎಂದು ಎಲ್ಲ ವಾಹಿನಿಗಳೂ ಕೂಗುತ್ತಿದ್ದ ಗಳಿಗೆ ಅದು. ತೈಲದ ಬೆಲೆ ಮಾತ್ರ ಜರ್ರನೆ ಇಳಿಯತೊಡಗಿತು. ದಿನದ ವಹಿವಾಟು ಮುಗಿದಾಗ ಅದು ಶುಕ್ರವಾರದ ಬೆಲೆಗಿಂತ ಶೇ 7ರಷ್ಟು ಕೆಳಗೆ, 71.48 ಡಾಲರ್‌ನಲ್ಲಿತ್ತು. ಮರುದಿನ ಕದನವಿರಾಮದ ಘೋಷಣೆಯಾದಾಗ 67ಕ್ಕೆ ಬಂತು. ಇಸ್ರೇಲ್ ಜೂನ್ 13ರಂದು ಇರಾನಿನ ಮೇಲೆ ದಾಳಿ ಶುರುಮಾಡುವ ಹಿಂದಿನ ದಿನ ಇದ್ದ ಬೆಲೆಯೇ 69 ಡಾಲರ್. ಅಂದರೆ, ಯುದ್ಧಕ್ಕೆ ಮುಂಚೆ ಇದ್ದದ್ದಕ್ಕಿಂತ ಯುದ್ಧದ ಕೊನೆಯಲ್ಲಿ ತೈಲ ಅಗ್ಗವಾಗಿತ್ತು.

ಇದರಲ್ಲಿ ಒಗಟೇನೂ ಇಲ್ಲ. ಇರಾನಿನ ಪಕ್ಕದ ಹಾರ್ಮುಜ್ ಜಲಸಂಧಿಯ ಮೂಲಕ ಆಗ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗುತ್ತಿತ್ತು. ಜಗತ್ತು ಬಳಸುವುದರಲ್ಲಿ ಐದನೇ ಒಂದು ಭಾಗ. ಅದು ಮುಚ್ಚಬಹುದು ಎಂಬ ಸಾಧ್ಯತೆಗೆ ಮಾರುಕಟ್ಟೆ ಹತ್ತು–ಹನ್ನೆರಡು ಡಾಲರ್ ಬೆಲೆ ಕಟ್ಟಿತ್ತು. ಇರಾನಿನ ಉತ್ತರ ತೈಲ ಹಡಗುಗಳ ಮೇಲಲ್ಲ, ಸೇನಾನೆಲೆಯ ಮೇಲೆ ಎಂದು ತಿಳಿದ ಕೂಡಲೇ ಆ ಸಾಧ್ಯತೆ ಕುಗ್ಗಿತು, ಅದಕ್ಕೆ ಕಟ್ಟಿದ್ದ ಬೆಲೆಯೂ ಇಳಿಯಿತು. ಕ್ಷಿಪಣಿ ಹಾರಿದ್ದೇ ಬೆಲೆ ಇಳಿಯಲು ಕಾರಣವಾಯಿತು. ಅಲ್ಪಾವಧಿಯ ತೈಲ ವಹಿವಾಟಿನಲ್ಲಿ ಸುದ್ದಿ ಬದಲಿಸುವುದು ತೈಲದ ಪ್ರಮಾಣವನ್ನಲ್ಲ, ಮುಂದೇನಾದೀತು ಎಂಬ ಅಂದಾಜನ್ನು. ಆ ಅಂದಾಜು ಅತಿ ದುಬಾರಿಯಾಗಿರುವುದು ಸುದ್ದಿ ಎಲ್ಲರ ಕಿವಿಗೂ ಬಿದ್ದ ಹೊತ್ತಿನಲ್ಲೇ. ಆದ್ದರಿಂದ ಬ್ರೇಕಿಂಗ್ ನ್ಯೂಸ್ ನೋಡಿ ತೈಲದ ವಾಯಿದಾಕ್ಕೆ ಇಳಿಯುವ ಸಣ್ಣ ಹೂಡಿಕೆದಾರ ಬಹುಪಾಲು ಸಲ ಬೇರೊಬ್ಬರು ಲಾಭ ಕಟ್ಟಿಕೊಂಡು ಹೊರಡುವಾಗ ಒಳಗೆ ಬರುತ್ತಾನೆ ಎಂಬುದು ನನ್ನ ವಾದ. ಆ ಆಟಕ್ಕೆ ಇಳಿಯದಿರುವುದೇ ಅವನಿಗೆ ಕ್ಷೇಮ.

ಜೂನ್ 2025ರಲ್ಲಿ ತೈಲದ ಸಾಗಣೆ ನಿಲ್ಲಲೇ ಇಲ್ಲವಲ್ಲ, ಅದನ್ನು ಹಿಡಿದು ಹೇಗೆ ವಾದಿಸುತ್ತೀರಿ ಎಂದು ಯಾರಾದರೂ ಕೇಳಬಹುದು. ಸರಿ, ನಿಜವಾಗಿಯೂ ತೈಲ ನಿಂತ ಒಂದು ಪ್ರಸಂಗವನ್ನೇ ನೋಡೋಣ. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯಾದ ಅಬ್‌ಖೈಕ್ ಮತ್ತು ಖುರೈಸ್ ತೈಲ ಘಟಕಗಳ ಮೇಲೆ ಡ್ರೋನ್, ಕ್ಷಿಪಣಿಗಳ ದಾಳಿಯಾಯಿತು. ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು. ಸೌದಿಯ ಉತ್ಪಾದನೆಯ ಅರ್ಧ, ಜಗತ್ತಿನ ಪೂರೈಕೆಯ ಶೇ 5. ಸೋಮವಾರದ ಆರಂಭದಲ್ಲಿ ಬ್ರೆಂಟ್ ಸುಮಾರು ಶೇ 20 ಜಿಗಿದು, 69 ಡಾಲರ್ ಆಸುಪಾಸಿನಲ್ಲಿ ಮುಕ್ತಾಯವಾಯಿತು. ಆದರೆ ಸೌದಿಯ ತೈಲ ಕಂಪನಿ ಅರಾಮ್ಕೊ ಬಳಿ ದಾಸ್ತಾನು ಇತ್ತು, ದುರಸ್ತಿಯೂ ಬೇಗ ನಡೆಯಿತು. ತಿಂಗಳ ಕೊನೆಗೆ ಬೆಲೆ ದಾಳಿಗೆ ಮುಂಚಿನ 60 ಡಾಲರ್ ಮಟ್ಟಕ್ಕೆ ಮರಳಿತ್ತು. 2020ರ ಜನವರಿಯಲ್ಲಿ ಇರಾನಿನ ಜನರಲ್ ಖಾಸಿಂ ಸುಲೇಮಾನಿಯ ಹತ್ಯೆಯಾದಾಗಲೂ ಹೀಗೇ ಆಯಿತು. ಇರಾನ್ ಪ್ರತಿದಾಳಿ ಮಾಡಿದ ಜನವರಿ 8ರಂದೇ ಬೆಲೆ ಹತ್ಯೆಗೆ ಮುಂಚಿನ ಮಟ್ಟಕ್ಕಿಂತ ಕೆಳಗಿಳಿಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. 1973ರ ಅರಬ್ ದೇಶಗಳ ತೈಲ ನಿರ್ಬಂಧದ ಬಳಿಕ ಬೆಲೆ 3 ಡಾಲರಿನಿಂದ ಸುಮಾರು 12ಕ್ಕೆ ಏರಿತು, ಮತ್ತೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 20 ಡಾಲರ್ ಆಸುಪಾಸಿನಲ್ಲಿದ್ದ ತೈಲ ಅಕ್ಟೋಬರ್ ವೇಳೆಗೆ 40 ದಾಟಿತು. ಮೊದಲ ದಿನವೇ ಕೊಂಡವನು ಗೆಲ್ಲಲಿಲ್ಲವೇ? ಗೆದ್ದ, ಒಪ್ಪಬೇಕು. ಆ ಎರಡೂ ಸಲ ಬಾವಿಯಿಂದ ಹಡಗಿಗೆ ಹೋಗುವ ತೈಲವೇ ತಿಂಗಳುಗಟ್ಟಲೆ ಕಡಿಮೆಯಾಯಿತು. ಎಷ್ಟು ಬ್ಯಾರೆಲ್ ನಿಂತಿದೆ, ಎಷ್ಟು ದಿನ, ತುಂಬಿಕೊಡಲು ಬೇರೆಯವರಲ್ಲಿ ಎಷ್ಟಿದೆ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದವನು ಗೆದ್ದ. ಬರೀ ಯುದ್ಧದ ಸುದ್ದಿ ನೋಡಿದವನ ಗತಿ ತಿಳಿಯಲು ಅದೇ ಕೊಲ್ಲಿ ಬಿಕ್ಕಟ್ಟಿನ ಇನ್ನೊಂದು ತುದಿ ಸಾಕು. 1991ರ ಜನವರಿ 17ರಂದು ಬಾಗ್ದಾದ್ ಮೇಲೆ ಬಾಂಬ್ ಬೀಳತೊಡಗಿದಾಗ ಅಮೆರಿಕದ ಕಚ್ಚಾ ತೈಲ ಒಂದೇ ದಿನದಲ್ಲಿ ಮೂರನೇ ಒಂದು ಭಾಗದಷ್ಟು ಬೆಲೆ ಕಳೆದುಕೊಂಡಿತು. ಇನ್ನು 2022. ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ಮೇಲೆ, ಮಾರ್ಚ್ 7ರಂದು ಬ್ರೆಂಟ್ 139 ಡಾಲರ್ ಮುಟ್ಟಿತು. ರಷ್ಯಾದ ತೈಲವೇ ಸಿಗದೆಹೋಗುತ್ತದೆ ಎಂಬ ಭಯ ಅದು. ತೈಲ ಎಲ್ಲಿಯೂ ಹೋಗಲಿಲ್ಲ, ದಾರಿ ಬದಲಿಸಿತು. ಯುದ್ಧಕ್ಕೆ ಮುಂಚೆ ರಷ್ಯಾದಿಂದ ಹೆಚ್ಚೇನೂ ಕೊಳ್ಳದ ಭಾರತವೇ ಅದರ ದೊಡ್ಡ ಗಿರಾಕಿಯಾಯಿತು. ಡಿಸೆಂಬರ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಬೆಲೆ 80ಕ್ಕಿಂತ ಕೆಳಗಿತ್ತು.

ನಮ್ಮ ದೇಶದ ಸಣ್ಣ ವಹಿವಾಟುದಾರನಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ಅದನ್ನು ಟಿಪ್ಸ್ ಕೊಡುವವರು ಹೇಳುವುದು ಕಡಿಮೆ. ಅಬ್‌ಖೈಕ್ ದಾಳಿ ನಡೆದದ್ದು ಶನಿವಾರ, ಫೋರ್ಡೊ ದಾಳಿ ಭಾನುವಾರ ನಸುಕಿನಲ್ಲಿ. ಎರಡೂ ಸಲ ಅಂತರರಾಷ್ಟ್ರೀಯ ವಹಿವಾಟು ಪುನಃ ಶುರುವಾದದ್ದು ಭಾರತದ ಕಾಲಮಾನದಲ್ಲಿ ಸೋಮವಾರ ಬೆಳಗಿನ ಜಾವ ಮೂರೂವರೆಗೆ. ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಬಾಗಿಲು ತೆರೆಯುವುದು ಒಂಬತ್ತಕ್ಕೆ. ನಡುವಿನ ಐದೂವರೆ ತಾಸಿನಲ್ಲಿ ಬೆಲೆ ಏರಬೇಕಾದಷ್ಟು ಏರಿ, ಕೆಲವೊಮ್ಮೆ ಇಳಿಯತೊಡಗಿರುತ್ತದೆ. ಸ್ಟಾಪ್‌ಲಾಸ್ ಹಾಕಿಟ್ಟರೂ ಉಪಯೋಗವಿಲ್ಲ. ಬೆಲೆ ಆ ಮಟ್ಟವನ್ನು ಹಾರಿಯೇ ಮುಂದಿನ ದಿನ ತೆರೆದುಕೊಳ್ಳುತ್ತದೆ. ಒಂದು ಲಾಟ್ ಎಂದರೆ 100 ಬ್ಯಾರೆಲ್. 2025ರ ಜೂನ್‌ನಲ್ಲಿದ್ದ ಡಾಲರ್‌ಗೆ ಸುಮಾರು 86 ರೂಪಾಯಿಯ ಲೆಕ್ಕದಲ್ಲಿ, ಬೆಲೆ 5 ಡಾಲರ್ ಇಳಿದರೆ ಲಾಟ್‌ಗೆ 43 ಸಾವಿರ ರೂಪಾಯಿ ಹೋಯಿತು. 2020ರ ಏಪ್ರಿಲ್ 20ರ ಪಾಠವನ್ನಂತೂ ಮರೆಯಬಾರದು. ಲಾಕ್‌ಡೌನ್‌ನಿಂದಾಗಿ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಅಂದು ರಾತ್ರಿ ನ್ಯೂಯಾರ್ಕ್‌ನಲ್ಲಿ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು, ಇಲ್ಲಿನ ಒಪ್ಪಂದಗಳು ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಯಂತೆ ಇತ್ಯರ್ಥವಾದವು. ತೈಲ ಕೊಂಡವರು ಹಾಕಿದ ಹಣವನ್ನಷ್ಟೇ ಅಲ್ಲ, ಅದರ ಮೇಲೆಯೂ ತೆತ್ತರು. ಅಂದಿನ ಕುಸಿತಕ್ಕೆ ಕಾರಣ ಕೋವಿಡ್, ಯುದ್ಧವಲ್ಲ ಎಂಬುದು ನಿಜ; ಬಾಗಿಲು ಮುಚ್ಚಿದ ಮಾರುಕಟ್ಟೆಯೊಳಗೆ ಸಿಕ್ಕಿಬೀಳುವ ಅಪಾಯ ಮಾತ್ರ ಎರಡಕ್ಕೂ ಒಂದೇ.

ಅಲ್ಪಾವಧಿ ವಹಿವಾಟುದಾರರೇ ಇಲ್ಲದಿದ್ದರೆ ತೈಲ ಕಂಪನಿಗಳೂ ವಿಮಾನಯಾನ ಸಂಸ್ಥೆಗಳೂ ತಮ್ಮ ಅಪಾಯವನ್ನು ಯಾರಿಗೆ ದಾಟಿಸಬೇಕು ಎಂದು ಮಾರುಕಟ್ಟೆ ಬಲ್ಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಅಪಾಯವನ್ನು ಹೊರಲು ಹಡಗುಗಳ ಚಲನೆಯನ್ನು ಉಪಗ್ರಹದಿಂದ ಎಣಿಸುವ, ಸುದ್ದಿಯನ್ನು ಯಂತ್ರದಿಂದ ಓದಿಸಿ ಕಣ್ಣುಮಿಟುಕಿಸುವುದರೊಳಗೆ ಆದೇಶ ಕಳಿಸುವ ಸಂಸ್ಥೆಗಳಿವೆ. ಕೆಲಸ ಮುಗಿಸಿ ಬಂದು ರಾತ್ರಿ ಮೊಬೈಲ್ ಹಿಡಿಯುವ ಸಂಬಳದಾರ ಅವರೆದುರು ಕೂರಬೇಕಾದ ಅಗತ್ಯ ಮಾರುಕಟ್ಟೆಗೂ ಇಲ್ಲ, ಅವನಿಗೂ ಇಲ್ಲ. ಷೇರುಗಳ ವಾಯಿದಾ ಮತ್ತು ಆಪ್ಷನ್ ವಹಿವಾಟಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಹಣ ಕಳೆದುಕೊಂಡರೆಂದು 2024ರಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿಯೇ ಹೇಳಿತು. ಕಚ್ಚಾ ತೈಲದಲ್ಲಿ ಸಣ್ಣವರ ಲಾಭ–ನಷ್ಟದ ಲೆಕ್ಕವನ್ನೂ ಅದು ಅಷ್ಟೇ ವಿವರವಾಗಿ, ವರ್ಷವರ್ಷವೂ ಕೊಡುವಂತಾಗಬೇಕು.

ಮಾಧ್ಯಮಗಳ ಹೊಣೆಯೂ ಸಣ್ಣದಲ್ಲ. ಬೇಕಾದ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ ಕೊಲ್ಲಿಯ ಸುದ್ದಿಗೆ ಜನ ಬೆಚ್ಚುವುದು ಸಹಜ. ‘ತೈಲ ಬೆಲೆ ಗಗನಕ್ಕೆ’ ಎಂಬ ತಲೆಬರಹದ ಕೆಳಗೆ ಎಷ್ಟು ಬ್ಯಾರೆಲ್ ಸಾಗಣೆ ನಿಂತಿದೆ, ಸೌದಿಯ ಬಳಿ ಹೆಚ್ಚುವರಿ ಸಾಮರ್ಥ್ಯ ಎಷ್ಟಿದೆ, ಮಂಗಳೂರು ಮತ್ತು ಪಾದೂರಿನ ನೆಲದಡಿಯ ಸಂಗ್ರಹಾಗಾರಗಳಲ್ಲಿ ಅಂದು ಎಷ್ಟು ತೈಲವಿದೆ ಎಂಬುದನ್ನೂ ಬರೆಯಬೇಕು. ಬೆಲೆ ಇಳಿದ ದಿನ ಆ ಸುದ್ದಿಗೂ ಏರಿದ ದಿನದಷ್ಟೇ ಜಾಗ ಕೊಡಬೇಕು. 2025ರ ಜೂನ್ 24ರಂದು 67 ಡಾಲರಿಗೆ ಇಳಿದದ್ದು, 23ರಂದು 81 ದಾಟಿದ್ದಷ್ಟೇ ದೊಡ್ಡ ಸುದ್ದಿಯಾಗಿತ್ತು.