ಏನೂ ಸಿಗಲಿಲ್ಲ ಅಂತ ಬರೆಯಬಾರದೇ?



ಮೈಸೂರಿನ ದೀಪಗಳಿಂದ ನಮ್ಮೂರ ಉತ್ತರದ ಆಕಾಶ ರಾತ್ರಿಯೆಲ್ಲಾ ಬೆಳ್ಳಗಿರುತ್ತದೆ. ದಸರಾ ಬಂದರಂತೂ ಕೇಳೋದೇ ಬೇಡ, ಚಾಮುಂಡಿ ಬೆಟ್ಟದ ಮೇಲೆ ನಾಲ್ಕು ನಕ್ಷತ್ರ ಕಂಡರೆ ಹೆಚ್ಚು. ದೂರದರ್ಶಕವನ್ನು ಆಕಾಶಕ್ಕೇ ಯಾಕೆ ಕಳಿಸ್ತಾರೆ ಅಂತ ನಮಗೆ ಬೇರೆ ಹೇಳಬೇಕಾಗಿಲ್ಲ.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಈಗ 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದರ ಕನ್ನಡಿ ಆರೂವರೆ ಮೀಟರ್ ಅಗಲ. ವಿಶ್ವ ಹಿಗ್ಗುತ್ತಿರುವುದರಿಂದ ಹಳೇ ಗ್ಯಾಲಕ್ಸಿಗಳ ಬೆಳಕಿನ ಅಲೆ ದಾರಿಯಲ್ಲೇ ಉದ್ದವಾಗಿ, ಅವಕೆಂಪು ಕಿರಣವಾಗಿ ಬರುತ್ತದೆ. ಅದನ್ನು ಹಿಡಿದು, 1380 ಕೋಟಿ ವರ್ಷದ ಈ ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬದಿದ್ದಾಗಿನ ಗ್ಯಾಲಕ್ಸಿಗಳನ್ನು ವೆಬ್ ತೋರಿಸಿದೆ. ಚಿತ್ರಗಳೂ ಬಲು ಚೆಂದ.

ಆದರೆ ನಾನು ಹೇಳಹೊರಟಿರುವುದು ಚಿತ್ರವೇ ಬಾರದ ಒಂದು ಕೆಲಸದ ಬಗ್ಗೆ. ಅದು ನಮ್ಮ ಕರ್ನಾಟಕದಲ್ಲೇ ನಡೆದದ್ದು.

ವಿಶ್ವದ ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಗುರುತು ಸಿಕ್ಕಿತು ಅಂತ 2018ರಲ್ಲಿ ಅಮೆರಿಕದ ಒಂದು ತಂಡ ಹೇಳಿತು. ದೊಡ್ಡ ಸುದ್ದಿಯಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು, ನಾವೂ ನೋಡೋಣ ಅಂತ ತಮ್ಮ ‘ಸರಸ್’ ಎಂಬ ಆಂಟೆನಾ ಹಿಡಿದು ಹೊರಟರು. 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಹಾಗೆ ತೇಲಿಬಿಟ್ಟರು. ನೀರೇ ಯಾಕೆ? ನೆಲದೊಳಗೆ ಮಣ್ಣು, ಕಲ್ಲು ಪದರಪದರವಾಗಿದ್ದು ಅಳತೆ ಕೆಡಿಸುತ್ತದೆ. ನೀರಾದರೆ ಎಲ್ಲಾ ಒಂದೇ ಸಮ. ಅಲ್ಲಿ ರೇಡಿಯೋ ಗಲಾಟೆಯೂ ಕಮ್ಮಿ.

ಸಿಕ್ಕಿದ್ದೇನು? ಏನೂ ಇಲ್ಲ! ಆ ಗುರುತು ಅವರಿಗೆ ಕಾಣಲೇ ಇಲ್ಲ. ಅದನ್ನೇ 2022ರಲ್ಲಿ ಪ್ರಕಟಿಸಿದರು. ಜೊತೆಗೆ, ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗ ಇದ್ದ ಗ್ಯಾಲಕ್ಸಿಗಳು ರೇಡಿಯೋ ಅಲೆಗಳಲ್ಲಿ ಎಷ್ಟರ ಮಟ್ಟಿಗೆ ಬೆಳಗಿರಬಹುದು ಎಂಬುದಕ್ಕೂ ಒಂದು ಮಿತಿ ಹಾಕಿದರು. ಇಲ್ಲ ಅನ್ನೋದರಿಂದಲೇ ಇಷ್ಟು ತಿಳಿಯಿತು ನೋಡಿ. ಮುಂದೆ ಚಂದ್ರನ ಸುತ್ತ ‘ಪ್ರತುಷ್’ ಎಂಬ ಉಪಕರಣ ಕಳಿಸುವ ಯೋಜನೆಯೂ ಇದೇ ಸಂಸ್ಥೆಯದು.

ಈಗ ನನ್ನ ಕಥೆ. ಪೀನ ಮಸೂರದ ಪ್ರಯೋಗದಲ್ಲಿ ಸಂಗಮದೂರ 10 ಸೆಂ.ಮೀ. ಬರಬೇಕಿತ್ತು, ನನಗೆ 11 ಬಂತು. ಪಕ್ಕದವನ ರೆಕಾರ್ಡ್ ನೋಡಿ 10 ಅಂತ ಬರೆದೆ, ರೈಟ್ ಬಿತ್ತು. ನಮ್ಮಲ್ಲಿ ಹೀಗೆ ಮಾಡದವರು ಯಾರಿದ್ದಾರೆ, ಕೈ ಎತ್ತಿ! ಆಮೇಲೆ ಯೋಚಿಸಿದರೆ, ದೂರದ ಹುಣಸೇಮರದ ಬಿಂಬ ಹಿಡಿಯೋ ಬದಲು ನಾನು ಪಕ್ಕದ ಕಿಟಕಿಯದ್ದು ಹಿಡಿದಿದ್ದೆ. ವಸ್ತು ಹತ್ತಿರವಿದ್ದರೆ ಬಿಂಬ ಹಿಂದಕ್ಕೆ ಸರಿಯುತ್ತದೆ. 11 ಅಂತ ಬರೆದಿದ್ದರೆ ಅವತ್ತೇ ಇದು ತಿಳೀತಿತ್ತು.

ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟರೆ ಮಕ್ಕಳು ಕಾಪಿ ಹೊಡೆಯೋದು ಕಲಿತಾರೇ ಹೊರತು ನೋಡೋದನ್ನಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದವರಿಗೂ ಅಂಕ ಕೊಡಬೇಕು ಅಂತ ಗುರುಗಳಲ್ಲಿ ನನ್ನ ಮನವಿ. ನನ್ನ ರೆಕಾರ್ಡಿನ ಆ ಪುಟದಲ್ಲಿ 10 ಹೊಡೆದುಹಾಕಿ 11 ಬರೆದಿದ್ದೇನೆ. ಸೋಮವಾರ ಮೇಷ್ಟ್ರ ಮೇಜಿನ ಮೇಲೆ ಇಡುತ್ತೇನೆ.