ಹೋದ ಪತ್ರ, ಬಾರದ ಉತ್ತರ

ಪ್ರೀತಿಯ ಮಕ್ಕಳೇ,

ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಒಗ್ಗರಣೆ ಹಾಕಿದವಳು ಈ ತಿಂಗಳು ಕಂಪ್ಯೂಟರ್ ಜಾಲದ ಬಗ್ಗೆ ಬರೆಯುತ್ತಿದ್ದಾಳೆಂದು ನಗಬೇಡಿ. ನಿಮ್ಮಲ್ಲಿ ಹಲವರ ಉದ್ಯೋಗವೇ ಇದು. ಆದರೂ ನನ್ನ ಪಾಡು ಕೇಳಿ.

ಡೊಂಬಿವಲಿಯಲ್ಲಿ ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ಅದೇ ಕಟ್ಟಡದ ನೆಲಮಹಡಿಯಲ್ಲಿ ನಮ್ಮವರ ತೆರಿಗೆ ಸಲಹೆಯ ಪುಟ್ಟ ಕಚೇರಿ. ಮನೆಯ ಕಂಪ್ಯೂಟರುಗಳ ವಿಳಾಸ 192.168.1 ಎಂದು ಶುರುವಾಗುತ್ತದೆ, ಕಚೇರಿಯದು 192.168.2 ಎಂದು. ಇವು ಎರಡು ಬೇರೆ ಜಾಲಗಳು. ನಡುವೆ ಮಗ ಒಂದು ಹಳೆಯ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಲಿನಕ್ಸ್ ತುಂಬಿ, ಫೈರ್‌ವಾಲ್ ಮಾಡಿ ಕೂರಿಸಿದ್ದಾನೆ. ಸೊಸೈಟಿಯ ವಾಚ್‌ಮನ್ ಇದ್ದಂತೆ, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದು ಅದರ ಕೆಲಸ.

ಇತ್ತೀಚೆಗೆ ಕಚೇರಿಗೆ ಹೊಸ ಇಂಟರ್ನೆಟ್ ಸಂಪರ್ಕ ಬಂತು. ಬಂದ ಹುಡುಗ ರೌಟರ್ ಜೋಡಿಸಿ, ಏನೇನೋ ಬದಲಿಸಿ ಹೋದ. ಅಂದು ಸಂಜೆಯಿಂದ ಕಚೇರಿಯ ಲೆಕ್ಕದ ಕಡತ ಮನೆಯಿಂದ ತೆರೆಯದಾಯಿತು. ನಮ್ಮವರು ಕಾಲು ಉಳುಕಿ ಮಲಗಿದ್ದರು, ಜಿ.ಎಸ್.ಟಿ. ವಿವರ ಸಲ್ಲಿಸಲು ಎರಡೇ ದಿನ ಉಳಿದಿತ್ತು. "ಆ ಫೈರ್‌ವಾಲನ್ನೇ ಬಂದ್ ಮಾಡಿಬಿಡೇ" ಎಂದರು. ಪರರ ಪ್ಯಾನ್ ನಂಬರು, ಬ್ಯಾಂಕಿನ ಕಾಗದಗಳು ಇರುವ ಮನೆಯ ಬಾಗಿಲು ತೆರೆದಿಡುವುದೆ? ಪುಣೆಯಲ್ಲಿರುವ ಮಗನಿಗೆ ಫೋನ್ ಮಾಡಿದೆ.

"ಅಮ್ಮಾ, ಏನನ್ನೂ ಬಂದ್ ಮಾಡಬೇಡ. ಪತ್ರ ಎಲ್ಲಿಯವರೆಗೆ ಹೋಗುತ್ತದೆ, ಹೆಜ್ಜೆ ಹೆಜ್ಜೆಯಾಗಿ ನೋಡು" ಎಂದ.

ಮನೆಯಿಂದ ಫೈರ್‌ವಾಲಿನ ಈಚೆ ಕಾರ್ಡಿಗೆ, ಅಂದರೆ 192.168.1.1ಕ್ಕೆ ಪಿಂಗ್ ಮಾಡಿದೆ. ಉತ್ತರ ಬಂತು. ಆಚೆ ಕಾರ್ಡು 192.168.2.1ರಿಂದಲೂ ಬಂತು. ದಾಟಿಬಿಟ್ಟೆ ಎಂದು ಹಿಗ್ಗಿದೆ. "ಇಲ್ಲಮ್ಮಾ, ಎರಡು ಕಾರ್ಡೂ ಒಂದೇ ಯಂತ್ರದ್ದು. ನೀನಿನ್ನೂ ವಾಚ್‌ಮನ್ ಹತ್ತಿರವೇ ನಿಂತಿದ್ದೀ" ಎಂದು ನಕ್ಕ. ಕಚೇರಿಯ ಕಂಪ್ಯೂಟರು 192.168.2.10ಕ್ಕೆ ಪಿಂಗ್ ಮಾಡಿದರೆ ಮೌನ.

ಲಿನಕ್ಸ್ ಯಂತ್ರವು ಹೇಳದೆ ಇದ್ದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಏನನ್ನೂ ದಾಟಿಸುವುದಿಲ್ಲ. 'ಐಪಿ ಫಾರ್ವರ್ಡ್' ಎಂಬ ಕಡೆ 0 ಇದ್ದರೆ ದಾಟಿಸದು, 1 ಇದ್ದರೆ ದಾಟಿಸುತ್ತದೆ. ನಮ್ಮದು 1 ಇತ್ತು. ಫೈರ್‌ವಾಲಿನ ನಿಯಮಗಳಲ್ಲಿ ಯಂತ್ರಕ್ಕೇ ಬಂದದ್ದಕ್ಕೆ 'ಇನ್‌ಪುಟ್' ಎಂಬ ಪಟ್ಟಿ, ದಾಟಿ ಹೋಗುವುದಕ್ಕೆ 'ಫಾರ್ವರ್ಡ್' ಎಂಬ ಬೇರೆ ಪಟ್ಟಿ. ಅಲ್ಲಿಯೂ ನಮಗೆ ಅನುಮತಿ ಇತ್ತು.

ಕೊನೆಗೆ ಆಚೆ ಕಾರ್ಡಿನ ಮೇಲೆ 'ಟಿಸಿಪಿಡಂಪ್' ಎಂಬುದನ್ನು ಓಡಿಸಿದೆ. ಹೋಗಿ ಬರುವುದೆಲ್ಲ ಅದರಲ್ಲಿ ಕಾಣುತ್ತದೆ. ನನ್ನ ಪ್ರಶ್ನೆಗಳು ಸಾಲಾಗಿ ಕಚೇರಿಯ ಕಡೆ ಹೊರಟಿದ್ದವು. ಒಂದಕ್ಕೂ ಉತ್ತರ ಮರಳಿರಲಿಲ್ಲ. ಅಂದರೆ ಕಳ್ಳ ನಮ್ಮ ವಾಚ್‌ಮನ್ ಅಲ್ಲ!

ಆಗಿದ್ದಿಷ್ಟು. ಮೊದಲು ಎರಡೂ ಕಡೆಯ ಗೇಟ್‌ವೇ ನಮ್ಮ ಫೈರ್‌ವಾಲೇ ಆಗಿತ್ತು. ಆ ಹುಡುಗ ಕಚೇರಿಯ ಕಂಪ್ಯೂಟರುಗಳ ಗೇಟ್‌ವೇಯನ್ನು ಹೊಸ ರೌಟರಿಗೆ ಬದಲಿಸಿದ್ದ. ನನ್ನ ಪ್ರಶ್ನೆ ಅಲ್ಲಿ ಸರಿಯಾಗಿ ತಲುಪುತ್ತಿತ್ತು. ಉತ್ತರ ಮಾತ್ರ ಹೊಸ ರೌಟರಿಗೆ ಹೋಗುತ್ತಿತ್ತು. ಅದಕ್ಕೆ ನಮ್ಮ ಮನೆಯೇ ಗೊತ್ತಿಲ್ಲ. 192.168ರ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು ಎಂದು 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಹೇಳುತ್ತದೆ. ಹೊರಗಿನ ಇಂಟರ್ನೆಟ್ಟು ಅವನ್ನು ಸಾಗಿಸುವುದಿಲ್ಲ. ಉತ್ತರ ದಾರಿಯಲ್ಲೇ ಸತ್ತಿತು.

ನೆಲಮಹಡಿಗೆ ಇಳಿದು, ಕಚೇರಿಯ ವಿಂಡೋಸ್ ಕಂಪ್ಯೂಟರಿಗೆ ಒಂದೇ ಸಾಲು ಕಲಿಸಿದೆ: 192.168.1ರ ಜಾಲಕ್ಕೆ ಹೋಗಲು 192.168.2.1ರ ಮೂಲಕ ಹೋಗು. 'ರೂಟ್' ಆಜ್ಞೆಗೆ 'ಪಿ' ಸೇರಿಸಬೇಕೆಂದು ಮಗ ಎಚ್ಚರಿಸಿದ್ದ. ಇಲ್ಲವಾದರೆ ಕಂಪ್ಯೂಟರ್ ಆರಿಸಿ ಹಚ್ಚಿದಾಗ ಮರೆತುಬಿಡುತ್ತದಂತೆ. ಮೇಲೆ ಬರುವಷ್ಟರಲ್ಲಿ ನಮ್ಮವರು ಕಡತ ತೆರೆದು ಕೂತಿದ್ದರು. ಕಾಫಿ ಬೇಕೆಂದರು.

ನೀವೂ ಇಂಥದಕ್ಕೆ ಸಿಕ್ಕಿಕೊಂಡರೆ ಗೋಡೆ ಕೆಡವಲು ಹೋಗಬೇಡಿ. ಹೋಗುವ ದಾರಿಯ ಜೊತೆಗೆ ಬರುವ ದಾರಿಯನ್ನೂ ನೋಡಿ.

ಇನ್ನೊಂದು ಮಾತು. ಊರಿನಿಂದ ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದೆಲ್ಲ ನಿಮಗೆ ಅರ್ಥವಾಗುತ್ತದೆ, ನನಗೆ ಗೊತ್ತು. ನೀವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೊಟ್ಟ ಉತ್ತರ ಅವರನ್ನು ತಲುಪುತ್ತದೆಯೇ? ಈ ಭಾನುವಾರ ಒಂದು ಸಾಲು ಕನ್ನಡದಲ್ಲಿ ಹೇಳಿ ನೋಡಿ.

ನಿಮ್ಮ ಆಂಟಿ